ಕಿರಣ ಎಣಿಸುವ ಶೆಡ್ಡಿಗೆ ಒಂದು ದಿನ ರಜೆ

ಸುಮುಖ ಆ ಶೆಡ್ಡಿಗೆ ಮೊದಲ ಸಲ ಹೋದ ದಿನ ಮುಖ, ಕುತ್ತಿಗೆ, ಕಿವಿಯ ಸಂದಿಗಳಿಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ಹೋಗಿದ್ದ. ಹೊರಗೆ ಮಳೆ ಹಿಡಿದಿತ್ತು. ಶೆಡ್ಡಿಗೆ ಕಿಟಕಿಯೇ ಇರಲಿಲ್ಲ. ಹೀಗಿದ್ದೂ ಬಳಿದುಕೊಂಡಿದ್ದನೆಂದರೆ ಅದಕ್ಕೆ ಅವನದೇ ಆದ ತರ್ಕವಿತ್ತು. ದಡ್ಡತನಕ್ಕೆ ತರ್ಕದ ಕೊರತೆ ಯಾವತ್ತೂ ಬೀಳುವುದಿಲ್ಲ. ಶೆಡ್ಡಿನಲ್ಲಿರುವ ಯಂತ್ರ ಕಾಸ್ಮಿಕ್ ಕಿರಣಗಳಿಗೆ ಸಂಬಂಧಪಟ್ಟದ್ದು, ಅದರ ಸುತ್ತ ಟನ್ನುಗಟ್ಟಲೆ ಸೀಸ ಜೋಡಿಸಿದ್ದಾರೆ ಎಂದು ಕೆಲಸಕ್ಕೆ ಸೇರುವಾಗ ಹೇಳಿದ್ದರು. ಸೀಸವೆಂದರೆ ಅವನಿಗೆ ಮೈಸೂರಿನ ಎಕ್ಸ್‌ರೇ ಕೋಣೆಯ ಬಾಗಿಲು. ಅಲ್ಲಿ ಕಿರಣ ಹೊರಗೆ ಬಾರದಿರಲೆಂದು ತೆಳ್ಳಗಿನ ಒಂದು ಹಾಳೆ ಬಡಿದಿದ್ದರು. ಇಲ್ಲಿ ಟನ್ನುಗಟ್ಟಲೆ ಬೇಕಾಗಿದೆಯೆಂದರೆ ಒಳಗಿನ ಯಂತ್ರ ಎಷ್ಟು ಉಗುಳುತ್ತಿರಬೇಕು! ಮದುವೆಯಾಗಬೇಕಾದ ಹುಡುಗ ಎಚ್ಚರದಲ್ಲಿದ್ದರೆ ತಪ್ಪೇನು ಎಂದುಕೊಂಡು ಟ್ಯೂಬಿನಲ್ಲಿದ್ದುದನ್ನೆಲ್ಲ ಖರ್ಚು ಮಾಡಿದ್ದ.

ಶೆಡ್ಡಿನ ಉಸ್ತುವಾರಿ ತಿಪ್ಪಣ್ಣ ಬಾಗಿಲು ತೆರೆದು ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಏನ್ಲೇ ತಮ್ಮಾ, ಸುಣ್ಣಾ ಹಚ್ಚಿದ ಗ್ವಾಡಿ ಆಗಿ ನಿಂತೀಯಲ್ಲ?"

"ರೇಡಿಯೇಶನ್ ಅಂಕಲ್. ಸೇಫ್ಟಿಗೆ."

"ಈ ಮಶೀನ್ ಏನೂ ಬಿಡಂಗಿಲ್ಲೋ. ಬರೇ ಎಣಸತೈತಿ. ಕಿರಣ ಮ್ಯಾಲಿಂದ ಬರ್ತಾವು. ಎಲ್ಲೋ ಯಾವುದೋ ಚುಕ್ಕಿ ಸಿಡದಿರತೈತಿ, ಅದರ ಪುಡಿ. ನಿನ್ನ ನೆತ್ತಿ ಹೊಕ್ಕು ಅಂಗಾಲಿಲೆ ಹೊಂಟ ಹೋಗ್ತಾವು. ನೀ ಹಾಸಿಗ್ಯಾಗ ಮಕ್ಕೊಂಡಾಗೂ ಹೊಂಟಿರ್ತಾವು."

"ಮತ್ತೆ ಈ ಸೀಸ?"

"ಅದು ತಡಿಯಾಕಲ್ಲ, ಒಡಿಯಾಕ. ಬಂದ ಒಂದ ಕಣ ಸೀಸಕ್ಕ ಬಡದು ನಾಕಾರು ಚೂರು ಆಗತೈತಿ. ಆ ಚೂರು ನಡುವಿನ ಕೊಳವ್ಯಾಗ ಹೊಕ್ಕಾಗ ಟಿಕ್ ಅಂತೈತಿ. ಆ ಟಿಕ್ ಎಣಿಸೂದ ನಮ್ಮ ಉದ್ಯೋಗ."

"ಹಾಗಾದ್ರೆ ಇದರಿಂದ ತಪ್ಪಿಸ್ಕೊಳ್ಳೋದು ಹೇಗೆ ಅಂಕಲ್?"

"ತಪ್ಪಿಸಿಕೊಂಡ ಎಲ್ಲಿ ಹೋಗ್ತಿ?" ಎಂದ ತಿಪ್ಪಣ್ಣ. ಆಮೇಲೆ ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ಆ ಭಾನುವಾರದ ಹೊತ್ತಿಗೆ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ ಬಡಾವಣೆಯ ಕನ್ನಡದವರಿಗೆಲ್ಲ ಸುದ್ದಿ ಮುಟ್ಟಿತ್ತು. ಗಣೇಶ ಹಬ್ಬದ ಊಟದ ಸಾಲಿನಲ್ಲಿ ಪರಿಚಯವೇ ಇಲ್ಲದ ಒಬ್ಬ ಆಂಟಿ "ನೀನೇನಪ್ಪಾ ಸನ್‌ಸ್ಕ್ರೀನ್ ಹುಡುಗ?" ಎಂದು ಎರಡು ಕಡುಬು ಹೆಚ್ಚು ಹಾಕಿದರು. ಅವನ ಎಂಜಿನಿಯರಿಂಗ್ ಪದವಿಗೆ ಈ ದೇಶದಲ್ಲಿ ಸಿಕ್ಕ ಹೆಚ್ಚಿನ ಲಾಭ ಅದೇ.

ಸುಮುಖ ಈ ಕಿರಣಗಳ ಸಹವಾಸಕ್ಕೆ ಬಿದ್ದದ್ದು ಜ್ಞಾನದ ಹಸಿವಿನಿಂದಲ್ಲ. ಆಕ್ಲೆಂಡಿನಲ್ಲಿ ಅವನು ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುತ್ತಿದ್ದ. ಕಂಪನಿ ತನ್ನನ್ನು ತಾನು ಪುನರ್ರಚಿಸಿಕೊಂಡಿತು. ಆ ರಚನೆಯಲ್ಲಿ ಅವನ ಕುರ್ಚಿಗೆ ಜಾಗ ಸಿಗಲಿಲ್ಲ. ವೀಸಾ ಉಳಿಯಬೇಕಾದರೆ ಯಾವುದಾದರೂ ಕೆಲಸ ಬೇಕಿತ್ತು. ಕ್ರೈಸ್ಟ್‌ಚರ್ಚಿನ ಒಂದು ಸಂಶೋಧನಾ ಸಂಸ್ಥೆ ಅವನನ್ನು ಗುತ್ತಿಗೆಯ ಮೇಲೆ ಕರೆದುಕೊಂಡಿತು. ದೂರದ ದಕ್ಷಿಣದ ಶೆಡ್ಡಿನಿಂದ ಬರುವ ಎಣಿಕೆಯನ್ನು ಗಾಳಿಯ ಒತ್ತಡಕ್ಕೆ ತಕ್ಕಂತೆ ಸರಿಪಡಿಸುವುದು ಅವನ ಕೆಲಸ. ಮೊದಲು ಮನುಷ್ಯರ ಸಂಬಳದಲ್ಲಿ ತೆರಿಗೆ ಕಳೆಯುತ್ತಿದ್ದ, ಈಗ ನಕ್ಷತ್ರಗಳ ಲೆಕ್ಕದಲ್ಲಿ ಗಾಳಿ ಕಳೆಯುತ್ತಿದ್ದ. ತಿಪ್ಪಣ್ಣನ ಮನೆಯಲ್ಲೇ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಫ್ಲ್ಯಾಟ್‌ಮೇಟ್ ಎಂಬ ಮಾತು ತಿಪ್ಪಣ್ಣನ ಹೆಂಡತಿ ನೀಲವ್ವನಿಗೆ ಹಿಡಿಸಲಿಲ್ಲ. "ಯಾರರ ಕೇಳಿದ್ರ ನಮ್ಮ ಮನಿ ಹುಡುಗ ಅಂತ ಹೇಳು" ಎಂದಳು. ಬಾಡಿಗೆಯನ್ನು ಮಾತ್ರ ಹೊರಗಿನ ಹುಡುಗನದೆಂದೇ ತೆಗೆದುಕೊಂಡಳು.

ತಿಪ್ಪಣ್ಣ ಗದಗಿನವನು. ಅವನ ಅಪ್ಪ ಛಾಪಖಾನೆಯಲ್ಲಿ ಮಶೀನ್‌ಮನ್. ಲಗ್ನಪತ್ರಿಕೆ, ಶಾಲೆಯ ಪುಸ್ತಕ, ಎಲೆಕ್ಷನ್ ಪೋಸ್ಟರು, ಎಲ್ಲವನ್ನೂ ಗಡಗಡ ಎಂದು ಉರುಳಿಸುವ ಯಂತ್ರದ ಪಕ್ಕದಲ್ಲಿ ತಿಪ್ಪಣ್ಣ ಬೆಳೆದ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲವು ವರ್ಷ ಹುಡುಗರು ಸುಟ್ಟ ಮೀಟರುಗಳನ್ನು ರಿಪೇರಿ ಮಾಡಿ, ಹೆಂಡತಿಯನ್ನೂ ಕಂಕುಳ ಕೂಸು ಮೇಘಾಳನ್ನೂ ಕಟ್ಟಿಕೊಂಡು ಈ ದೇಶಕ್ಕೆ ಬಂದ. ಮೊದಲು ಆಕ್ಲೆಂಡಿನ ಒನೆಹುಂಗಾದಲ್ಲಿ ತಕ್ಕಡಿ ರಿಪೇರಿಯ ಅಂಗಡಿ. ಅಲ್ಲಿನ ಕಾರ್ಖಾನೆಗಳ ದೊಡ್ಡ ಕಾಟಾಗಳೆಲ್ಲ ಅವನ ಕೈಗೆ ಬಂದವು. ಕ್ರೈಸ್ಟ್‌ಚರ್ಚಿನಲ್ಲಿ ಭೂಕಂಪವಾದ ಮೇಲೆ ಅಲ್ಲಿ ಕೈಕೆಲಸ ಬಲ್ಲವರಿಗೆ ಬೇಡಿಕೆ ಬಂತು, ಹೋದ. ಕೆಲವು ವರ್ಷದ ನಂತರ ಈ ಶೆಡ್ಡು ಅವನ ಪಾಲಿಗೆ ಬಂತು. ಮೇಘಾ ಈಗ ಆಕ್ಲೆಂಡಿನಲ್ಲಿ ನರ್ಸು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಊಟ ಆಯಿತೇ ಎಂದರೆ "ಯಾ ಡ್ಯಾಡ್" ಎನ್ನುತ್ತಾಳೆ. ತಿಪ್ಪಣ್ಣನಿಗೆ ಅದರಲ್ಲಿ ಬೇಸರವಿಲ್ಲ. ಎರಡು ಭಾಷೆಯ ನಡುವೆ ಉಪ್ಪಿಟ್ಟು ತಣ್ಣಗಾಗುವುದಿಲ್ಲವಲ್ಲ ಎನ್ನುತ್ತಾನೆ.

ಶೆಡ್ಡಿದ್ದದ್ದು ದೇಶದ ದಕ್ಷಿಣದ ತುದಿಯಲ್ಲಿ, ಇನ್ವರ್ಕಾರ್ಗಿಲ್ ಊರು ದಾಟಿ ಬ್ಲಫ್ ಬಂದರಿನ ಕಡೆಗೆ ಹೋಗುವ ದಾರಿಯಲ್ಲಿ, ಒಬ್ಬ ಕುರಿ ಸಾಕುವವನ ಹುಲ್ಲುಗಾವಲಿನ ಮೂಲೆಯಲ್ಲಿ. ಅದರಾಚೆ ಸಮುದ್ರ, ಸಮುದ್ರದಾಚೆ ಹಿಮ. ಅಷ್ಟು ಕೆಳಗೆ ಯಾಕೆ ಕಟ್ಟಿದರೆಂದರೆ, ಭೂಮಿಯ ಸುತ್ತ ಅಯಸ್ಕಾಂತದ ಒಂದು ಬೇಲಿ ಇದೆ. ಗದಗಿನಂಥ ಊರಿನ ಮೇಲೆ ಆ ಬೇಲಿ ಎತ್ತರ. ಬಹಳ ಬಲವಿದ್ದ ಕಣಗಳಷ್ಟೇ ಹಾರಿ ಬರುತ್ತವೆ. ಧ್ರುವದ ಕಡೆ ಹೋದಂತೆ ಬೇಲಿ ತಗ್ಗುತ್ತದೆ, ಬಡಪಾಯಿ ಕಣಗಳೂ ಒಳಗೆ ನುಸುಳುತ್ತವೆ. ಸೂರ್ಯ ಒಮ್ಮೊಮ್ಮೆ ಕೆರಳಿ ಕಣಗಳನ್ನು ಚೆಲ್ಲುತ್ತಾನೆ. ಆ ಹೊತ್ತಿಗೆ ಇಂಥ ತಗ್ಗಿನ ಜಾಗದಲ್ಲಿ ಎಣಿಕೆ ಏಕಾಏಕಿ ಜಿಗಿಯುತ್ತದೆ. ಅಂಟಾರ್ಟಿಕಾದಲ್ಲಿ ಎಣಿಸುವವರಿದ್ದರು, ಉತ್ತರದ ದೇಶಗಳಲ್ಲಿ ಎಣಿಸುವವರಿದ್ದರು. ಈ ಕಡಲಿನ ಅಂಚಿನಲ್ಲಿ ಮಾತ್ರ ಇದೊಂದೇ ಶೆಡ್ಡು.

ಅದನ್ನು ಮುಚ್ಚಬೇಕೆಂಬ ಮಾತು ಎದ್ದು ವರ್ಷವಾಗಿತ್ತು. ಸಂಸ್ಥೆಗೆ ದುಡ್ಡು ಕೊಡುವವರು ಪರಿಶೀಲನಾ ಸಮಿತಿಯೊಂದನ್ನು ನೇಮಿಸಿದ್ದರು. ಶೆಡ್ಡಿನ ಪರವಾಗಿ ಹೊಡೆದಾಡುತ್ತಿದ್ದವರು ವಿಭಾಗದ ಮುಖ್ಯಸ್ಥೆ ಅರುಂಧತಿ, ಮೈಸೂರಿನ ಕಡೆಯವರು. ಅವರು ಒಂದು ದಿನ ತಿಪ್ಪಣ್ಣನನ್ನೂ ಸುಮುಖನನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು:

"ನೋಡಿ ತಿಪ್ಪಣ್ಣನವರೇ, ನನ್ನ ಹತ್ರ ಇನ್ನು ವಾದ ಉಳಿದಿಲ್ಲ. ಸೂರ್ಯ ಈಗ ಜೋರಾಗಿರೋ ಕಾಲ. ದೊಡ್ಡದೊಂದು ಸ್ಫೋಟ ಆಗಿ, ನಮ್ಮ ಶೆಡ್ಡು ಅದನ್ನ ಚೆನ್ನಾಗಿ ಹಿಡೀತು ಅಂದ್ರೆ ಯಾರೂ ಮುಚ್ಚೋಕಾಗಲ್ಲ. ಹಿಡೀಲಿಲ್ಲ ಅಂದ್ರೆ ನಿಮ್ಮದು, ಸುಮುಖಂದು, ಇಬ್ಬರದೂ ಕೆಲಸ ಹೋಗುತ್ತೆ. ಅಷ್ಟೇ ಕಣ್ರೀ."

"ಸೂರ್ಯಪ್ಪ ಮನಸ್ಸು ಮಾಡಬೇಕ್ರಿ ಮೇಡಮ್ಮಾರ" ಎಂದ ತಿಪ್ಪಣ್ಣ.

ಸೂರ್ಯ ಮನಸ್ಸು ಮಾಡಿದರೆ ತಕ್ಷಣ ತಿಳಿಯಬೇಕಲ್ಲ. ಉಪಗ್ರಹಗಳು ಸೂರ್ಯನ ಸಿಟ್ಟನ್ನು ಕಂಡ ಕೂಡಲೇ ತನ್ನ ಫೋನು ಕೂಗಿಕೊಳ್ಳುವ ಹಾಗೆ ಸುಮುಖ ಒಂದು ಪ್ರೋಗ್ರಾಮ್ ಬರೆದ. ಬೆಳಕು ಮೊದಲು ಬರುತ್ತದೆ, ಕಣಗಳು ಸ್ವಲ್ಪ ಹಿಂದೆ. ಆ ಸ್ವಲ್ಪದೊಳಗೆ ನಾವು ಸಿದ್ಧವಾಗಿರಬಹುದು ಎಂದು ಸಮಿತಿಗೆ ಕಳಿಸಿದ ಟಿಪ್ಪಣಿಯಲ್ಲಿ ದೊಡ್ಡದಾಗಿ ಬರೆದೂ ಇದ್ದ. ಇಡೀ ವೃತ್ತಿಯಲ್ಲಿ ಅವನು ಹೆಮ್ಮೆಪಟ್ಟುಕೊಂಡ ಕೆಲಸವೆಂದರೆ ಅದೊಂದೇ. ಆ ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದ.

ಅಷ್ಟರಲ್ಲಿ ದಸರಾ ಬಂತು.

ಯಂತ್ರವನ್ನು ವರ್ಷಕ್ಕೊಮ್ಮೆ ಆರಿಸಿ, ಧೂಳು ಒರೆಸಿ, ತೇವ ಹೀರುವ ಹರಳುಗಳನ್ನು ಬದಲಾಯಿಸಬೇಕು ಎಂಬುದು ನಿಯಮ. ಯಾವ ದಿನ ಎಂದು ನಿಯಮದಲ್ಲಿ ಇರಲಿಲ್ಲ. ಶೆಡ್ಡು ತನ್ನ ಕೈಗೆ ಬಂದ ವರ್ಷವೇ ತಿಪ್ಪಣ್ಣ ಆ ದಿನವನ್ನು ಗೊತ್ತುಮಾಡಿದ್ದ: ಖಂಡೇ ಪೂಜೆ. ಮೈಸೂರಿನ ಸುಮುಖ ಆಯುಧಪೂಜೆ ಎನ್ನುತ್ತಿದ್ದುದೂ ಅದನ್ನೇ. ಒರೆಸುವುದು ಮುಗಿದ ಮೇಲೆ ಯಂತ್ರಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದು, ಊಟ ಮುಗಿಯುವವರೆಗೆ ಹಾಗೇ ಬಿಟ್ಟು, ಆಮೇಲೆ ಚಾಲೂ ಮಾಡುತ್ತಿದ್ದ. ವರದಿಯಲ್ಲಿ 'ವಾರ್ಷಿಕ ನಿರ್ವಹಣೆ' ಎಂದು ಹೋಗುತ್ತಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಸೂರ್ಯನೂ ಸೇರಿದಂತೆ.

ಮೂವರೂ ಸಂಸ್ಥೆಯ ಯೂಟಿನಲ್ಲಿ, ಅಂದರೆ ಹಿಂದೆ ಸಾಮಾನಿನ ತೊಟ್ಟಿಯಿರುವ ಗಾಡಿಯಲ್ಲಿ, ಹೊರಟರು. ನೀಲವ್ವನಿಗೆ ಇದೊಂದು ವಾರ್ಷಿಕ ಪ್ರವಾಸ. ಬೇರೆಯವರು ರಜೆಗೆ ಸಮುದ್ರದಂಡೆಯ ತಮ್ಮ ರಜೆಮನೆಗೆ, ಇಲ್ಲಿಯವರ ಮಾತಿನಲ್ಲಿ ಬ್ಯಾಚಿಗೆ, ಹೋದರೆ ನಮಗೆ ಈ ಶೆಡ್ಡೇ ಬ್ಯಾಚು ಎಂದು ಹೇಳಿಕೊಳ್ಳುತ್ತಿದ್ದಳು. ಮಡಿಲಲ್ಲಿ ಹೋಳಿಗೆಯ ಡಬ್ಬಿ, ಕಾಲಬುಡದಲ್ಲಿ ಕಟ್ಟಿನ ಸಾರಿನ ಪಾತ್ರೆ. ದಾರಿಯುದ್ದಕ್ಕೂ ತಿರುವು ಬಂದಾಗೆಲ್ಲ "ಸಾವಕಾಶ" ಎನ್ನುತ್ತಿದ್ದಳು. ಅದು ಗಂಡನಿಗೋ ಸಾರಿಗೋ ತಿಳಿಯುತ್ತಿರಲಿಲ್ಲ. ಎರಡು ಜೋಡಿ ಕೈ ಇದ್ದುದರಿಂದ ಒರೆಸುವ ಕೆಲಸ ಹಬ್ಬದ ಹಿಂದಿನ ದಿನವೇ ಮುಗಿದು, ಯಂತ್ರ ಮತ್ತೆ ಟಿಕ್ ಟಿಕ್ ಎನ್ನತೊಡಗಿತು. ಆ ವರ್ಷ ಮೋಟೆಲಿನಲ್ಲಿ ನೆಮ್ಮದಿಯ ನಿದ್ದೆಯೂ ಆಯಿತು.

ಹಬ್ಬದ ಬೆಳಗ್ಗೆ ತಿಪ್ಪಣ್ಣ ಯಂತ್ರವನ್ನು ಮತ್ತೆ ಆರಿಸಿದ.

"ನಿನ್ನೆನೇ ಎಲ್ಲಾ ಆಯ್ತಲ್ಲ ಅಂಕಲ್, ಮತ್ಯಾಕೆ?" ಎಂದ ಸುಮುಖ.

"ಪೂಜಿಗೆ."

"ಓಡ್ತಿದ್ರೂ ಪೂಜೆ ಮಾಡಬಹುದಲ್ವಾ?"

"ಓಡೂ ಎತ್ತಿಗೆ ಯಾರರ ಕೋಡೆಣಸು ಕಟ್ತಾರೇನೋ? ಸುಮ್ನ ಹೂವು ತಾ ಹೋಗು."

ಸುಮುಖನಿಗೆ ಮಾತು ಮುಂದುವರಿಸಬೇಕೆಂದು ಅನಿಸಲಿಲ್ಲ. ಒಂದು ಊಟದ ಹೊತ್ತು, ಅಷ್ಟೇ ತಾನೆ. ಅಕ್ಟೋಬರ್ ಎಂದರೆ ಅಲ್ಲಿ ವಸಂತ, ಚೆಂಡುಹೂವಿನ ಕಾಲವಲ್ಲ. ಬೇಲಿಯುದ್ದಕ್ಕೂ ಅರಳಿ ನಿಂತದ್ದು ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಗಿಡ. ಅದನ್ನೇ ಕಿತ್ತು ತಂದ. ಹತ್ತೂ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡ. ನೀಲವ್ವ ಯೂಟಿನ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟಳು. ಸ್ಪ್ಯಾನರು, ಟೆಸ್ಟರು, ಸ್ಕ್ರೂಡ್ರೈವರುಗಳನ್ನು ಒಗೆದ ಟವೆಲಿನ ಮೇಲೆ ಸಾಲಾಗಿ ಜೋಡಿಸಿ ಸುಮುಖನತ್ತ ತಿರುಗಿದಳು.

"ನಿಂದೇನೈತಿ ತಮ್ಮಾ, ನಿನ್ನ ಆಯುಧ?"

ಸುಮುಖನ ಬಳಿ ಇದ್ದದ್ದು ಎರಡು: ಲ್ಯಾಪ್‌ಟಾಪು, ಫೋನು. ಲ್ಯಾಪ್‌ಟಾಪನ್ನು ತಕ್ಷಣ ಇಟ್ಟ. ಫೋನಿನ ವಿಷಯದಲ್ಲಿ ಒಂದು ಗಳಿಗೆ ಅನುಮಾನಿಸಿದ. ಆದರೆ ಕುಂಕುಮ ಹಚ್ಚಿದ ಫೋನಿನ ಚಿತ್ರ ಗೆಳೆಯರ ಗುಂಪಿಗೆ ಕಳಿಸಿದರೆ ಎಷ್ಟು ಚೆನ್ನಾಗಿರುತ್ತದೆ ಎಂಬ ಆಸೆ ಬಂತು. ಪೂಜೆಯ ನಡುವೆ ಕೂಗಿದರೆ ನೀಲವ್ವ ಬೈಯುತ್ತಾಳೆಂದು ಸೈಲೆಂಟಿಗೆ ಹಾಕಿ ಟವೆಲಿನ ಮೇಲಿಟ್ಟ. ಪೂಜೆಯಲ್ಲಿರುವ ಫೋನಿನ ಚಿತ್ರ ತೆಗೆಯಲು ಇನ್ನೊಂದು ಫೋನು ಬೇಕೆಂಬುದು ಹೊಳೆದದ್ದು, ಅದರ ಮೇಲೆ ನೀಲವ್ವ ಒಂದು ಹಿಡಿ ಹೂವು ಹಾಕಿದ ಮೇಲೆ.

ಕಾಯಿ ಒಡೆದದ್ದಾಯಿತು, ಆರತಿಯಾಯಿತು. ಊಟವಾಗುವ ತನಕ ಪೂಜೆಗಿಟ್ಟದ್ದನ್ನು ಕದಲಿಸುವಂತಿಲ್ಲ. ಯೂಟಿನ ಹಿಂಬದಿಯ ಹಲಗೆ ಇಳಿಸಿ ಅದರ ಮೇಲೆ ಕೂತು ಮೂವರೂ ಹೋಳಿಗೆ ತಿಂದರು. ಬೇಲಿಯಾಚೆಯ ಕುರಿಗಳು ಬಂದು ನಿಂತು ನೋಡಿದವು. ಸುಮುಖನ ಕೈ ಮತ್ತೆ ಮತ್ತೆ ಖಾಲಿ ಜೇಬಿಗೆ ಹೋಗುತ್ತಿತ್ತು.

"ಒಂದ ತಾಸು ಫೋನ್ ಬಿಟ್ಟಿದ್ರ ಸಾಯಂಗಿಲ್ಲ ನೀ" ಎಂದಳು ನೀಲವ್ವ. "ಇನ್ನೊಂದ ಹೋಳಗಿ ಹಾಕಸ್ಕೊ."

ಹಾಕಿಸಿಕೊಂಡ. ತುಪ್ಪವನ್ನೂ ಹಾಕಿಸಿಕೊಂಡ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಬೆನ್ನು ಬೆಚ್ಚಗಾಗಿ ತಿಪ್ಪಣ್ಣ ಒಂದು ಹಳೆಯ ಭಜನೆಯ ಧಾಟಿ ಗುನುಗುತ್ತಿದ್ದ. ಇಂಥ ಬಿಸಿಲು ಈ ಮೂಲೆಯಲ್ಲಿ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಎಂದು ಸುಮುಖ ಸೂರ್ಯನ ಕಡೆ ಮುಖವೆತ್ತಿ ಕಣ್ಣು ಮುಚ್ಚಿದ.

ಕೈ ತೊಳೆದುಕೊಂಡು ಒಳಗೆ ಹೋಗಿ ಹೂವು ಸರಿಸಿ ಫೋನೆತ್ತಿದಾಗ ಪರದೆಯ ಮೇಲೆ ಕುಂಕುಮ. ಒರೆಸಿದ. ಅದರಡಿಯಲ್ಲಿ ಅವನದೇ ಪ್ರೋಗ್ರಾಮಿನ ಕೆಂಪು ಎಚ್ಚರಿಕೆ, ಅದರಡಿಯಲ್ಲಿ ಇನ್ನೊಂದು, ಇನ್ನೊಂದು. ಕೊನೆಗೆ ಅರುಂಧತಿಯವರ ಸಂದೇಶ: 'ಬಂತು! ಅಂಟಾರ್ಟಿಕಾದಲ್ಲಿ ಎಣಿಕೆ ಏರ್ತಿದೆ. ನಮ್ಮ ಶೆಡ್ ಏನು ತೋರಿಸ್ತಿದೆ? ಬೇಗ ಹೇಳಿ.' ಅದು ಬಂದು ಬಹಳ ಹೊತ್ತಾಗಿತ್ತು.

"ಅಂಕಲ್" ಎಂದ ಸುಮುಖ. ಫೋನನ್ನೇ ಹಿಡಿದು ತೋರಿಸಿದ.

ತಿಪ್ಪಣ್ಣ ಓದಿದ. ಯಂತ್ರದ ಮುಂದೆ ಮಂಡಿಯೂರಿ, ವಿಭೂತಿ ಹಚ್ಚಿದ ಗುಂಡಿಯನ್ನು ತಿರುಗಿಸತೊಡಗಿದ. ಕೊಳವೆಗಳಿಗೆ ಬೇಕಾದ ವಿದ್ಯುತ್ತನ್ನು ಒಮ್ಮೆಲೇ ಕೊಡುವಂತಿಲ್ಲ. ಹಾಲು ಕಾಯಿಸಿದ ಹಾಗೆ ಸಣ್ಣಗೆ ಏರಿಸಬೇಕು, ಇಲ್ಲವಾದರೆ ಕೊಳವೆ ಕೆಡುತ್ತದೆ.

"ಬೇಗ ಅಂಕಲ್, ಇಳಿದುಹೋಗುತ್ತೆ."

"ಗೊತ್ತೈತಿ."

"ಸ್ವಲ್ಪ ಜೋರಾಗಿ ತಿರುಗಿಸಿದ್ರೆ..."

"ಸುಟ್ಟ ಹೋಗತೈತೋ ಮಾರಾಯಾ! ಸುಮ್ನ ನಿಂದ್ರು."

ಸುಮ್ಮನೆ ನಿಲ್ಲುವುದನ್ನು ಬಿಟ್ಟು ಸುಮುಖನಿಗೆ ಬೇರೆ ಕೆಲಸವೂ ಇರಲಿಲ್ಲ. ನೀಲವ್ವ ಎಂಜಲ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಆ ಹೊತ್ತಿನಲ್ಲಿಯೂ ಕಣಗಳು ಮೂವರ ನೆತ್ತಿ ಹೊಕ್ಕು ಅಂಗಾಲಿನಿಂದ ಹೊರಟುಹೋಗುತ್ತಿದ್ದವು, ಎಂದಿಗಿಂತ ಹೆಚ್ಚು ಸಂಖ್ಯೆಯಲ್ಲಿ, ಯಾರೂ ಎಣಿಸದೆ. ಯಂತ್ರ ಟಿಕ್ ಎಂದು, ಎಣಿಕೆ ಒಂದು ಹದಕ್ಕೆ ಬಂದಾಗ ಏರಿಳಿತ ಮುಗಿದೇ ಹೋಗಿತ್ತು. ಮದುವೆಮನೆಗೆ ಎಂಜಲೆಲೆ ಎತ್ತುವ ಹೊತ್ತಿಗೆ ಮುಟ್ಟಿದ ನೆಂಟರ ಪಾಡು.

ಅರುಂಧತಿಯವರೇ ಫೋನು ಮಾಡಿದರು. ಸುಮುಖ ಸ್ಪೀಕರಿಗೆ ಹಾಕಿದ.

"ಅಷ್ಟು ಹೊತ್ತು ಡೇಟಾನೇ ಬರಲಿಲ್ವಲ್ಲ ಸುಮುಖ. ಲಿಂಕ್ ಹೋಗಿತ್ತಾ?"

"ಇಲ್ಲ ಮೇಡಮ್. ಯಂತ್ರ ಆಫ್ ಇತ್ತು. ಮೇಂಟೆನೆನ್ಸ್."

"ಇವತ್ತು ಆಯುಧಪೂಜೆ ಅಲ್ವಾ?" ಎಂದರು ಅರುಂಧತಿ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸರಿ. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ" ಎಂದು ಅವರು ಇಟ್ಟುಬಿಟ್ಟರು.

ಮರಳಿ ಬರುವಾಗ ನೀಲವ್ವ ಒಂದು ತಿರುವಿನಲ್ಲೂ ಸಾವಕಾಶ ಎನ್ನಲಿಲ್ಲ.

ಲೋಕದ ಶೆಡ್ಡುಗಳೆಲ್ಲ ತಮ್ಮ ತಮ್ಮ ಗೆರೆಗಳನ್ನು ಹಂಚಿಕೊಂಡವು. ಎಲ್ಲೆಲ್ಲೂ ಗೋಪುರದ ಹಾಗೆ ಎದ್ದ ಗೆರೆ. ಇವರದು ಹಲ್ಲು ಬಿದ್ದ ಬಾಯಿ. ಸುಮುಖ ಆ ಖಾಲಿ ಜಾಗವನ್ನು ಎಷ್ಟು ಹೊತ್ತು ನೋಡುತ್ತ ಕೂತರೂ ಅಲ್ಲಿ ಏನೂ ಮೂಡಲಿಲ್ಲ. ಸಂಬಳದ ಸಾಫ್ಟ್‌ವೇರಿನಲ್ಲಾಗಿದ್ದರೆ ತಪ್ಪಿದ ತಿಂಗಳನ್ನು ಮುಂದಿನ ತಿಂಗಳಿಗೆ ಸೇರಿಸಿಬಿಡಬಹುದು. ಸೂರ್ಯನಿಗೆ ಬಾಕಿ ಪಾವತಿಯ ವ್ಯವಸ್ಥೆ ಇಲ್ಲ.

ಸಮಿತಿ ಸೇರುವುದಕ್ಕೆ ಇನ್ನೂ ಕೆಲವು ವಾರ ಇತ್ತು. ಅಷ್ಟರೊಳಗೆ ಇನ್ನೊಂದು ಸ್ಫೋಟವಾದರೆ ಎಲ್ಲ ಸರಿಹೋಗುತ್ತಿತ್ತು. ತಿಪ್ಪಣ್ಣ ದಿನಾ ಬೆಳಗ್ಗೆ ಚಹಾ ಲೋಟ ಹಿಡಿದು ಸುಮುಖನ ಕೋಣೆಯ ಬಾಗಿಲಿಗೆ ಬರುತ್ತಿದ್ದ.

"ಏನಂತಾನ ಸೂರ್ಯಪ್ಪ?"

"ಸುಮ್ನಿದಾನೆ ಅಂಕಲ್. ಸಿಡಿಯೋ ಕಪ್ಪು ಕಲೆಗಳೆಲ್ಲ ಅವನ ಬೆನ್ನ ಕಡೆ ತಿರುಗಿಬಿಟ್ಟಿವೆ."

"ಹೂಂ" ಎಂದು ಹೋಗುತ್ತಿದ್ದ. ನೀಲವ್ವ ಸೋಮವಾರ ಉಪವಾಸ ಹಿಡಿದಳು. ಸೂರ್ಯ ಸಿಡಿಯಲಿ ಎಂದು ಶಿವನಲ್ಲಿ ಬೇಡಿಕೊಂಡ ಹೆಂಗಸು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು. ಸುಮುಖ ನಾಸ್ತಿಕ; ಆದರೂ ಎರಡನೆಯ ಸೋಮವಾರದಿಂದ ಮಧ್ಯಾಹ್ನ ಬೇಕರಿಯಿಂದ ತಂದು ತಿನ್ನುತ್ತಿದ್ದ ಪೈ ಬಿಟ್ಟ. ಸೂರ್ಯ ಮಾತ್ರ ಅರ್ಜಿ ಕೊಡಲು ಬಂದವರತ್ತ ನೋಡದ ಗುಮಾಸ್ತನ ಹಾಗೆ ಮುಖ ತಿರುಗಿಸಿಯೇ ಕೂತ.

ಉಳಿದದ್ದು 'ನಿರ್ವಹಣೆ' ಎಂಬ ಒಂದು ಪದ. ಸಮಿತಿ ಬರುವ ಹಿಂದಿನ ದಿನ ಅರುಂಧತಿ ತಿಪ್ಪಣ್ಣನಿಗೆ ಫೋನು ಮಾಡಿದರು. "ವಾರ್ಷಿಕ ನಿರ್ವಹಣೆ ಅನ್ನಿ, ನಿಲ್ಲಿಸಿ. ಅದಕ್ಕಿಂತ ಒಂದು ಪದ ಹೆಚ್ಚು ಬೇಡ. ನಿಯಮದ ಪ್ರಕಾರ ಆರಿಸಿದ್ದಾಗ ತಪ್ಪಿದ್ರೆ ಅದು ದುರದೃಷ್ಟ. ಅದನ್ನ ನಾನು ಸಮರ್ಥಿಸಬಲ್ಲೆ." ಮೇಘಾಳೂ ಆಕ್ಲೆಂಡಿನಿಂದ "ಡ್ಯಾಡ್, ಜಸ್ಟ್ ಸೇ ಮೇಂಟೆನೆನ್ಸ್, ಪ್ಲೀಸ್" ಎಂದಳು.

ಅಡುಗೆಮನೆಯಲ್ಲಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ತಿಪ್ಪಣ್ಣ ಅವಳ ಹಿಂದೆ ಕುರ್ಚಿಯಲ್ಲಿ ಕೂತಿದ್ದ.

"ಸುಳ್ಳೇನೂ ಅಲ್ಲ ಅಂಕಲ್" ಎಂದ ಸುಮುಖ. "ಮೇಂಟೆನೆನ್ಸ್ ಮಾಡಿದ್ವಲ್ಲ."

"ಹಿಂದಿನ ದಿನ ಮಾಡಿದ್ವಿ."

"ಒಂದು ದಿನದ ವ್ಯತ್ಯಾಸ. ನನ್ನ ವೀಸಾನೂ ಇದರ ಮೇಲೇ ನಿಂತಿದೆ ಅಂಕಲ್."

ತಿಪ್ಪಣ್ಣ ಸ್ವಲ್ಪ ಹೊತ್ತು ರೊಟ್ಟಿಯ ಸಪ್ಪಳ ಕೇಳಿದ. "ನಮ್ಮಪ್ಪಗ ಛಾಪಖಾನ್ಯಾಗ ದುಡದು ದುಡದು ಕಿವಿ ಮಂದ ಆಗಿದ್ವು. ನಾ ಊಟದ ಬುತ್ತಿ ಒಯ್ದಾಗ ಒದರತಿದ್ದ, ನಾನೂ ಒದರತಿದ್ದೆ. ಮನ್ಯಾಗೂ ಅದ ರೂಢಿ. ಖಂಡೇ ಪೂಜಿ ದಿನ ಮಶೀನ್ ಬಂದ್. ಅವತ್ತ ನನ್ನ ಮಶೀನ್ ಬಾಜೂಕ ಕೂಡ್ರಿಸಿಕ್ಯಾಂಡು ಸಣ್ಣ ದನ್ಯಾಗ ಮಾತಾಡಾವ. ಏನ್ ಓದಾಕತ್ತಿ, ಮಾಸ್ತರ ಹೊಡದನೇನು, ಅಂಥಾವ. ವರ್ಷದಾಗ ಅದೊಂದ ದಿನ ನಮ್ಮಪ್ಪನ ಖರೇ ದನಿ ನನಗ ಕೇಳತಿತ್ತು."

ಸುಮುಖನಿಗೆ ವೀಸಾದ ಮಾತನ್ನು ಇನ್ನೊಮ್ಮೆ ಎತ್ತುವ ಸಂದರ್ಭ ಇದಲ್ಲವೆಂಬುದಷ್ಟು ತಿಳಿಯಿತು. ಎತ್ತಬೇಕೆಂದು ಅನಿಸಿತು ಕೂಡ.

"ಆತು. ಹೇಳ್ತೀನಿ ಬಿಡು" ಎಂದ ತಿಪ್ಪಣ್ಣ ತಾನಾಗಿಯೇ. "ಮೇಂಟೆನೆನ್ಸ್."

ನೀಲವ್ವ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಎಲ್ಲಿ, ನಾನ ಸಮಿತಿ ಅಂತ ತಿಳಕೊ. ಯಾಕ ಬಂದ್ ಇಟ್ಟಿದ್ರಿ?"

"ಮೇಂಟೆನೆನ್ಸ್."

"ಮಾರಿ ನೋಡಿ ಹೇಳ್ರಿ. ಕಳ್ಳರಂಗ ನೆಲಾ ನೋಡಬ್ಯಾಡ್ರಿ."

ಮುಖ ನೋಡಿ ಹೇಳಿದ. ಮೂರು ಸಲ ಹೇಳಿಸಿದಳು. ಮೂರನೆಯ ಸಲ ಸುಮುಖನೂ ನಂಬಿದ.

ಸಮಿತಿ ಕ್ರೈಸ್ಟ್‌ಚರ್ಚಿನ ಕಚೇರಿಯಲ್ಲೇ ಸೇರಿತು. ಅಧ್ಯಕ್ಷೆ ಬ್ರೋನ್ವಿನ್, ಬೆಳ್ಳಿಕೂದಲಿನ ಮೆಲುಮಾತಿನ ಹೆಂಗಸು. ಗದರುವವಳಾಗಿದ್ದರೆ ಸುಮುಖನಿಗೆ ಸುಲಭವಾಗುತ್ತಿತ್ತು. ಅವಳು ಎಲ್ಲರಿಗೂ ತಾನೇ ಬಿಸ್ಕತ್ತಿನ ತಟ್ಟೆ ದಾಟಿಸಿದಳು. ಎಡಬಲದಲ್ಲಿ ಇಬ್ಬರು, ಎದುರಿಗೆ ಅರುಂಧತಿ. ಗೋಡೆಯ ಮೇಲೆ ಲೋಕದ ಗೆರೆಗಳೂ ಇವರ ಖಾಲಿ ಜಾಗವೂ.

ಮೊದಲ ಸರದಿ ಸುಮುಖನದು.

"ನಿಮ್ಮ ಎಚ್ಚರಿಕೆಯ ಪ್ರೋಗ್ರಾಮ್ ಆ ದಿನ ಕೆಲಸ ಮಾಡಿತೇ?" ಎಂದು ಬ್ರೋನ್ವಿನ್ ಕೇಳಿದಳು.

"ಮಾಡಿತು."

"ಕಣಗಳು ಬರುವುದಕ್ಕೆ ಮೊದಲೇ?"

"ಮೊದಲೇ."

"ಹಾಗಿದ್ದರೆ ಯಂತ್ರವನ್ನು ಚಾಲೂ ಮಾಡಬಹುದಿತ್ತಲ್ಲ?"

"ಫೋನು ನನ್ನ ಕೈಯಲ್ಲಿರಲಿಲ್ಲ."

"ಎಲ್ಲಿತ್ತು?"

"ಚಾರ್ಜಿಗೆ ಹಾಕಿದ್ದೆ" ಎಂದ ಸುಮುಖ. ಇಷ್ಟು ಸಲೀಸಾಗಿ ಬಂದ ಸುಳ್ಳಿಗೆ ತಾನೇ ಬೆರಗಾದ. ಅರುಂಧತಿ ಚಹಾದ ಕಪ್ಪಿನೊಳಗೆ ನೋಡಿದರು. ಬ್ರೋನ್ವಿನ್ ತಲೆಯಾಡಿಸಿ ಏನೋ ಬರೆದುಕೊಂಡಳು.

ಆಮೇಲೆ ತಿಪ್ಪಣ್ಣ. ಅವನ ಇಂಗ್ಲಿಷ್ ಯಾವಾಗಲೂ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಟಿಕೇಟು ತೆಗೆಸಿಕೊಂಡೇ ಹೊರಡುತ್ತಿತ್ತು. ಆದರೂ ಈ ದೇಶದವರಿಗೆ ಅದು ಚೆನ್ನಾಗಿ ತಿಳಿಯುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಗಳನ್ನು ಮೇಜಿನ ಮೇಲಿಟ್ಟು, ಹೇಳಿಕೊಟ್ಟ ಹಾಗೆ ನೇರ ಮುಖ ನೋಡಿ ಕೂತಿದ್ದ.

"ಯಂತ್ರ ಯಾಕೆ ಆರಿತ್ತು, ಮಿಸ್ಟರ್ ತಿಪ್ಪಣ್ಣ?"

"ವಾರ್ಷಿಕ ನಿರ್ವಹಣೆ."

ಸುಮುಖ ಉಸಿರು ಬಿಟ್ಟ. ಅರುಂಧತಿಯವರ ಭುಜ ಒಂದು ಬೆರಳಿನಷ್ಟು ಇಳಿಯಿತು. ಬ್ರೋನ್ವಿನ್ ಮುಂದಿನ ಪುಟ ತಿರುಗಿಸಿದಳು, ನಿಂತಳು, ಮತ್ತೆ ಹಿಂದಕ್ಕೆ ತಿರುಗಿಸಿದಳು.

"ಒಂದು ಚಿಕ್ಕ ಅನುಮಾನ. ಹಿಂದಿನ ದಿನವೂ ಇದೇ ಕಾರಣಕ್ಕೆ ಆರಿಸಿ, ಸಂಜೆಗೆ ಮತ್ತೆ ಚಾಲೂ ಮಾಡಿದ್ದೀರಿ. ಆಮೇಲೆ ಬೆಳಗ್ಗೆ ಎರಡನೆಯ ಸಲ ಆರಿಸಿದ್ದೀರಿ. ಏನೋ ಕೆಟ್ಟಿರಬೇಕು ಎಂದುಕೊಳ್ಳುತ್ತೇನೆ. ಕೆಟ್ಟಿತ್ತು, ಅಲ್ಲವೇ?"

ಅವಳು ಬಾಗಿಲನ್ನು ತಾನೇ ತೆರೆದು ಹಿಡಿದಿದ್ದಳು. ಹೂಂ ಎಂದರೆ ಸಾಕಿತ್ತು. ಅವಳು ಅದನ್ನೇ ಬರೆದುಕೊಳ್ಳಲು ಪೆನ್ನು ಹಿಡಿದು ಕಾದಿದ್ದಳು. ಅರುಂಧತಿ ಮೇಜಿನ ಆ ಕಡೆಯಿಂದ ಕಣ್ಣಲ್ಲೇ ಹೂಂ ಎಂದರು. ಸುಮುಖ ಮೇಜಿನ ಕೆಳಗೆ ತಿಪ್ಪಣ್ಣನ ಬೂಟನ್ನು ಮೆಲ್ಲಗೆ ಒತ್ತಿದ. ಬೂಟು ಅಲುಗಲಿಲ್ಲ. ತಿಪ್ಪಣ್ಣ ಗೋಡೆಯ ಮೇಲಿನ ಖಾಲಿ ಜಾಗವನ್ನು ನೋಡಿದ, ಪೆನ್ನನ್ನು ನೋಡಿದ, ಆಮೇಲೆ ಅವಳ ಮುಖವನ್ನು ನೋಡಿದ.

"ಇಲ್ಲ. ಏನೂ ಕೆಟ್ಟಿರಲಿಲ್ಲ" ಎಂದ. "ಅವತ್ತ ನಮ್ಮ ಹಬ್ಬ. ಮಶೀನಿಗೆ ರಜಾ ಕೊಟ್ಟಿದ್ದೆ. ಇವನ ಫೋನಿಗೂ."